ಪ್ರೊಪೆಲ್ಲರ್ ಸದ್ದು ಅಳೆಯುವ ಸುರಂಗ

ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿರುವ ನಾಸಾದ ಗ್ಲೆನ್ ಸಂಶೋಧನಾ ಕೇಂದ್ರದಲ್ಲಿ ಒಂದೇ ಗಾಳಿಗೆ ಎರಡು ಕೆಲಸ. 1949ರಲ್ಲಿ ಶುರುವಾದ 8x6 ಅಡಿಯ ಸುರಂಗದಲ್ಲಿ ಗಾಳಿ ಶಬ್ದದ ವೇಗವನ್ನೂ ಮೀರಿ ನುಗ್ಗುತ್ತದೆ. ಅದು ಸುತ್ತು ಹಾಕಿ ವಾಪಸು ಬರುವ ದಾರಿಯಲ್ಲೇ 1960ರ ದಶಕದ ಕೊನೆಗೆ 9x15 ಅಡಿಯ ಇನ್ನೊಂದು ಪರೀಕ್ಷಾ ಕೋಣೆ ಕಟ್ಟಿದರು. ಇಲ್ಲಿ ಗಾಳಿಯ ವೇಗ ಗಂಟೆಗೆ 280 ಕಿ.ಮೀ. ಆಸುಪಾಸಿಗೆ ನಿಲ್ಲುತ್ತದೆ. ವಿಮಾನ ಮೇಲೇರುವಾಗ, ಇಳಿಯುವಾಗ ಹೆಚ್ಚುಕಡಿಮೆ ಇಷ್ಟೇ ವೇಗ. ಊರವರ ನಿದ್ದೆ ಕೆಡುವುದೂ ಆಗಲೇ.

1970ರ ದಶಕದಲ್ಲಿ ತೈಲದ ಬೆಲೆ ಗಗನಕ್ಕೇರಿದಾಗ ಇಲ್ಲಿನ ಎಂಜಿನಿಯರುಗಳು ಮತ್ತೆ ಪ್ರೊಪೆಲ್ಲರ್ ಕಡೆ ತಿರುಗಿದರು. ಹೆಚ್ಚು ಗಾಳಿಯನ್ನು ಮೆಲ್ಲಗೆ ತಳ್ಳಿದರೆ ಇಂಧನ ಉಳಿಯುತ್ತದೆ. ಆದರೆ ಜೆಟ್ ವಿಮಾನದ ವೇಗದಲ್ಲಿ ಅಲಗಿನ ತುದಿ ಶಬ್ದದ ವೇಗ ದಾಟಿ ಕಿವಿಗಡಚಿಕ್ಕುತ್ತದೆ. ಅದಕ್ಕೆಂದೇ ಹಿಂದಕ್ಕೆ ಬಾಗಿದ ತೆಳು ಅಲಗುಗಳ ಪ್ರೊಪ್‌ಫ್ಯಾನ್ ರೂಪಿಸಿದರು. 1987ರ ಕಾಲಿಯರ್ ಟ್ರೋಫಿ ಈ ಕೆಲಸಕ್ಕೆ ಸಂದಿತು. ತೈಲ ಅಗ್ಗವಾದದ್ದೇ ತಡ, ಯೋಜನೆ ಮೂಲೆ ಸೇರಿತು.

2009ರ ಹೊತ್ತಿಗೆ ಜನರಲ್ ಎಲೆಕ್ಟ್ರಿಕ್ ಜೊತೆಗೂಡಿ ನಾಸಾ ಇದೇ ಕೋಣೆಯಲ್ಲಿ ಮತ್ತೆ ಪ್ರೊಪ್‌ಫ್ಯಾನ್ ಪರೀಕ್ಷೆಗಿಳಿಯಿತು. ಸುಮಾರು 65 ಸೆಂ.ಮೀ. ವ್ಯಾಸದ ಮಾದರಿ, ಮುಂದೆ 12 ಅಲಗು, ಹಿಂದೆ ವಿರುದ್ಧ ದಿಕ್ಕಿಗೆ ಸುತ್ತುವ 10 ಅಲಗು. ಎಷ್ಟು ಬಲದಿಂದ ತಳ್ಳುತ್ತಿದೆ ಎಂಬುದನ್ನು ಮಾದರಿಯ ಒಳಗೇ ಕೂರಿಸಿದ ತಕ್ಕಡಿ ಹೇಳುತ್ತದೆ. ಪಕ್ಕದಲ್ಲಿ ಹಳಿಯ ಮೇಲೆ ಮೈಕೊಂದು ಹಿಂದೆ ಮುಂದೆ ಸರಿಯುತ್ತಾ ಸದ್ದು ಹಿಡಿಯುತ್ತದೆ. ಬಿರುಗಾಳಿಗೆ ಮೊಬೈಲ್ ಹಿಡಿದು ಮಾತಾಡಿದರೆ ಆಚೆಯವರಿಗೆ ಕೇಳುವುದು ಬರೀ ಭರ್ರೆಂಬ ಸದ್ದು ತಾನೆ? ಹಾಗಾಗದಿರಲಿ ಎಂದು ಮೈಕಿಗೆ ಚೂಪು ಮೂತಿಯ ಟೋಪಿ. ಸದ್ದು ಪ್ರತಿಧ್ವನಿಸದಿರಲಿ ಎಂದು ಕೋಣೆಯ ಗೋಡೆಗಳಿಗೆ ಸದ್ದು ಹೀರುವ ಹೊದಿಕೆ.

12 ಅಲಗುಗಳು ಸೆಕೆಂಡಿಗೆ 100 ಸುತ್ತು ಹಾಕಿದರೆ 1,200 ಹರ್ಟ್ಸ್‌ನ ಸ್ವರ ಹೊರಡುತ್ತದೆ. ನಿಜವಾದ ಎಂಜಿನ್ ದೊಡ್ಡದು, ನಿಧಾನವಾಗಿ ಸುತ್ತುವಂಥದ್ದು. ಅದರ ಸ್ವರ ಇದಕ್ಕಿಂತ ತಗ್ಗು. ಆ ಲೆಕ್ಕ ಸರಿಹೊಂದಿಸಿದ ಮೇಲಷ್ಟೇ ಊರವರಿಗೆ ಏನು ಕೇಳೀತೆಂದು ಹೇಳಲಾದೀತು. ನಿಜವಾದ ತಲೆನೋವು ಎರಡು ಸಾಲುಗಳ ನಡುವಿನದು. ಮುಂದಿನ ಅಲಗಿನ ತುದಿ ಬಿಟ್ಟ ಸುಳಿ ಹಿಂದಿನದಕ್ಕೆ ಬಡಿದಾಗ ಹೊಸ ಸ್ವರಗಳು ಏಳುತ್ತವೆ. ಹಿಂದಿನ ಅಲಗನ್ನು ಗಿಡ್ಡ ಮಾಡಿದರೆ ಸುಳಿ ಅದರ ಹೊರಗಿಂದ ಹಾದುಹೋಗುತ್ತದೆ. ಆದರೆ ಗಿಡ್ಡವಾದ ಅಲಗು ತಳ್ಳುವ ಗಾಳಿಯೂ ಕಡಿಮೆ. ಒತ್ತಡವೇ ವಿಮಾನವನ್ನು ಮುಂದಕ್ಕೆ ತಳ್ಳುವುದು, ಅದೇ ಒತ್ತಡವೇ ಸದ್ದಾಗುವುದು. ಆದ್ದರಿಂದಲೇ ಎರಡನ್ನೂ ಒಟ್ಟಿಗೆ ಅಳೆಯುವ ಈ ಕೋಣೆಯನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ. ಇಂಧನ ಎಷ್ಟೇ ಉಳಿಸಲಿ, ನಿಲ್ದಾಣದ ಸುತ್ತಲಿನವರಿಗೆ ಸಹಿಸಲಾಗದ ಎಂಜಿನ್ ಬಾಳುವುದಿಲ್ಲ.

2021ರಲ್ಲಿ ಸಿಎಫ್‌ಎಂ ಕಂಪನಿ ಘೋಷಿಸಿದ ರೈಸ್ ಯೋಜನೆಯ ತೆರೆದ ಫ್ಯಾನ್‌ನಲ್ಲಿ ಸುತ್ತುವುದು ಮುಂದಿನ ಸಾಲೊಂದೇ, ಹಿಂದಿನದು ನಿಶ್ಚಲ. ಆದರೂ ಮುಂದಿನ ಸುಳಿ ಹಿಂದಿನದಕ್ಕೆ ಬಡಿಯದೆ ಬಿಡದು. ಅದರ ಸದ್ದು ಎಷ್ಟೆಂಬುದನ್ನೂ ಗಾಳಿ ಸುರಂಗದ ಮೈಕುಗಳೇ ಹೇಳಬೇಕು.