ಸಂತೋಷ್ ಟ್ರೋಫಿ ಕರ್ನಾಟಕಕ್ಕೆ ಏಕೆ ಬೇಕು

ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರು ಚೆಕ್‌ಪೋಸ್ಟ್ ದಾಟಿದ ರಾಷ್ಟ್ರೀಯ ಹೆದ್ದಾರಿ 766, ಬಂಡೀಪುರದ ಕಾಡಿನೊಳಗೆ ಸಾಗಿ, ಮೂಲೆಹೊಳೆ, ಮುತ್ತಂಗ, ಸುಲ್ತಾನ್ ಬತ್ತೇರಿಗಳನ್ನು ಹಾದು ಕೋಳಿಕ್ಕೋಡ್ ಮುಟ್ಟುತ್ತದೆ. ರಾತ್ರಿ ಸಂಚಾರ ನಿಷೇಧದ ಕಾರಣಕ್ಕೆ ಸುದ್ದಿಯಾಗುವ ಈ ದಾರಿಯ ಆ ತುದಿಯಲ್ಲಿ ಫುಟ್‌ಬಾಲ್ ಊರೂರಿನ ಆಟ. ಕರ್ನಾಟಕದ ಫುಟ್‌ಬಾಲ್‌ಗೆ ಅತ್ತ ಕಡೆಯ ನೆನಪುಗಳು ಮಾತ್ರ ಕಹಿಯೇ. 1975-76ರ ಸಂತೋಷ್ ಟ್ರೋಫಿ ಫೈನಲ್‌ನಲ್ಲಿ ನಮ್ಮ ತಂಡ ಬಂಗಾಳಕ್ಕೆ ಮಣಿದದ್ದು ಕೋಳಿಕ್ಕೋಡ್‌ನಲ್ಲಿ. 2022ರ ಏಪ್ರಿಲ್‌ನಲ್ಲಿ ಸೆಮಿಫೈನಲ್‌ವರೆಗೆ ಬಂದು ಕೇರಳಕ್ಕೆ 3-7ರಿಂದ ಸೋತದ್ದು ಪಕ್ಕದ ಮಲಪ್ಪುರಂ ಜಿಲ್ಲೆಯ ಮಂಜೇರಿಯಲ್ಲಿ. ಅದಾದ ಹತ್ತೇ ತಿಂಗಳಿಗೆ ಅದೇ ಟ್ರೋಫಿ ಕರ್ನಾಟಕದ ಕೈಸೇರಿತು. ಹಾಗಿದ್ದೂ ರಾಜ್ಯ ರಾಜ್ಯಗಳ ನಡುವಿನ ಈ ಪಂದ್ಯಾವಳಿಯ ಕಾಲ ಮುಗಿಯಿತು, ಇನ್ನೇನಿದ್ದರೂ ಕ್ಲಬ್‌ಗಳ ಕಾಲ ಎನ್ನುವವರು ಬಹಳ ಮಂದಿ. ಕರ್ನಾಟಕದ ಮಟ್ಟಿಗೆ ಆ ಮಾತು ಒಪ್ಪತಕ್ಕದ್ದಲ್ಲ. ಟ್ರೋಫಿಯ ಚರಿತ್ರೆಯನ್ನೇ ಅದಕ್ಕೆ ಸಾಕ್ಷಿಯಾಗಿ ಮುಂದಿಡಬಹುದು.

ಪಂದ್ಯಾವಳಿ ಶುರುವಾದದ್ದು 1941ರಲ್ಲಿ. ಟ್ರೋಫಿ ಕೊಟ್ಟದ್ದು ಬಂಗಾಳದ ಫುಟ್‌ಬಾಲ್ ಆಡಳಿತ ನಡೆಸುತ್ತಿದ್ದ ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್. ಅದರ ಅಧ್ಯಕ್ಷರಾಗಿದ್ದು ಅಷ್ಟರಲ್ಲಿ ತೀರಿಕೊಂಡಿದ್ದ ಮಹಾರಾಜ ಮನ್ಮಥನಾಥ ರಾಯ್ ಚೌಧರಿಯವರ ಜಮೀನ್ದಾರಿಯ ಹೆಸರು ಸಂತೋಷ್. ಅದು ಇಂದಿನ ಬಾಂಗ್ಲಾದೇಶದ ಟಾಂಗೈಲ್ ಸೀಮೆಯಲ್ಲಿದೆ. ಮೊದಲ ಫೈನಲ್‌ನಲ್ಲಿ ಬಂಗಾಳ ದೆಹಲಿಯನ್ನು 5-1ರಿಂದ ಸೋಲಿಸಿತು. ರನ್ನರ್ಸ್ ಅಪ್‌ಗೆ ಸಿಗುವ ಕಮಲಾ ಗುಪ್ತ ಟ್ರೋಫಿಯನ್ನು ಅದೇ ಸಂಸ್ಥೆಯ ಅಧ್ಯಕ್ಷರಾಗಿದ್ದ ಡಾ. ಎಸ್.ಕೆ. ಗುಪ್ತ ತಮ್ಮ ಪತ್ನಿಯ ಹೆಸರಿನಲ್ಲಿ ಕೊಟ್ಟರು. ಮೂರನೆಯ ಸ್ಥಾನಕ್ಕೆಂದು ಇಟ್ಟದ್ದು ಸಂಪಂಗಿ ಕಪ್. ಇದನ್ನು ಕೊಟ್ಟದ್ದು ಮೈಸೂರಿನ ಫುಟ್‌ಬಾಲ್ ಸಂಸ್ಥೆ. ಸಂಪಂಗಿ ಮೈಸೂರು ರಾಜ್ಯದ ಹೆಸರಾಂತ ಆಟಗಾರ. ಒಂದು ಜಮೀನ್ದಾರಿಯ ನೆನಪಿಗೆ, ಇನ್ನೊಂದು ಅಧ್ಯಕ್ಷರ ಪತ್ನಿಯ ಹೆಸರಿಗೆ ಆದರೆ, ಮೂರನೆಯದು ಮೈದಾನದಲ್ಲಿ ಬೆವರು ಸುರಿಸಿದವನಿಗೆ ಸಂದಿತು. ನಮ್ಮವರ ಈ ಆಯ್ಕೆ ಹೆಮ್ಮೆಪಡಬೇಕಾದದ್ದು. ಆದರೂ ಸಂಪಂಗಿಯ ಹೆಸರು ಇಂದು ಕನ್ನಡದ ಕ್ರೀಡಾಪುಟಗಳಲ್ಲಿ ಕಾಣುವುದೇ ಅಪರೂಪ.

ಗೆದ್ದವರ ಪಟ್ಟಿಯಲ್ಲಿ ಬಂಗಾಳದ್ದೇ ಸಿಂಹಪಾಲು. 2024ರ ಡಿಸೆಂಬರ್ 31ರಂದು ಹೈದರಾಬಾದಿನಲ್ಲಿ ಕೇರಳವನ್ನು ಮಣಿಸಿ ಗೆದ್ದದ್ದು ಅದರ 33ನೆಯ ಪ್ರಶಸ್ತಿ. ಇಂಥ ಬಂಗಾಳವನ್ನೇ ಫೈನಲ್‌ನಲ್ಲಿ ಸೋಲಿಸಿ ಮೈಸೂರು ನಾಲ್ಕು ಬಾರಿ ಟ್ರೋಫಿ ಎತ್ತಿತು: 1946-47, 1952-53, 1967-68 ಮತ್ತು 1968-69. ಮೊದಲ ಗೆಲುವಿನ ಬೆನ್ನಿಗೇ 1948ರ ಲಂಡನ್ ಒಲಿಂಪಿಕ್ಸ್ ಬಂತು. ಫ್ರಾನ್ಸ್ ವಿರುದ್ಧ ಭಾರತದ ಬಹುತೇಕ ಆಟಗಾರರು ಬರಿಗಾಲಲ್ಲಿ ಆಡಿದ ಪಂದ್ಯದಲ್ಲಿ ನಮ್ಮ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಭಾರತಕ್ಕೆ ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ಅದೇ ಮೊದಲ ಗೋಲು. ದಂಡು ಪ್ರದೇಶದ ಗಲ್ಲಿಗಳಲ್ಲಿ ಬೆಳೆದ ಆ ಪರಂಪರೆಯ ಗುರುತು ಈಗಲೂ ಹಲಸೂರಿನ ಹತ್ತಿರದ ಗೌತಮಪುರದಲ್ಲಿದೆ. ಅಲ್ಲಿನ ಜನ ಬ್ರೆಜಿಲ್‌ನ ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿದ್ದಾರೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. 2023ರಲ್ಲಿ ಗೆದ್ದ ತಂಡದಲ್ಲಿ ಹೊರರಾಜ್ಯಗಳಿಂದ ಬಂದು ಬೆಂಗಳೂರಿನ ಕ್ಲಬ್‌ಗಳಲ್ಲಿ ಆಡುತ್ತಿದ್ದವರೂ ಇದ್ದರಲ್ಲ, ಅದು ಕರ್ನಾಟಕದ ಗೆಲುವು ಹೇಗಾದೀತು ಎಂಬುದು. ಹಾಗೆ ನೋಡಿದರೆ ಬಂಗಾಳದ ಗೆಲುವುಗಳನ್ನೂ ಮತ್ತೆ ಎಣಿಸಬೇಕಾಗುತ್ತದೆ. ಬೆಂಗಳೂರಿನ ಅಹ್ಮದ್ ಖಾನ್ ಮತ್ತು ಧನರಾಜ್ ಈಸ್ಟ್ ಬೆಂಗಾಲ್ ಸೇರಿ ಅಲ್ಲಿನ ಪ್ರಸಿದ್ಧ 'ಪಂಚಪಾಂಡವ'ರಲ್ಲಿ ಇಬ್ಬರಾದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ಭಾರತ ತಂಡದ ಎಂ. ಕೆಂಪಯ್ಯ ಮೋಹನ್ ಬಾಗಾನ್‌ನಲ್ಲಿ ಹೆಸರು ಮಾಡಿದರು. ಕಲ್ಕತ್ತೆಯಲ್ಲಿ ಆಡುವವರು ಬಂಗಾಳಕ್ಕೆ ಆಡುವುದು ಅಂದಿನ ರೂಢಿ. ಆಟಗಾರ ಎಲ್ಲಿ ದುಡಿಯುತ್ತಾನೋ ಆ ನೆಲದ ಹೆಸರಿಗೆ ಅವನ ಆಟ ಸಲ್ಲುವುದು ಮೊದಲಿಂದಲೂ ಇದ್ದದ್ದೇ. ಅಂದು ಕೊಟ್ಟ ನಾವು ಇಂದು ಪಡೆದಿದ್ದೇವೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು, 2018-19ರಲ್ಲಿ ಐಎಸ್‌ಎಲ್ ಗೆದ್ದಿತು, 2022ರಲ್ಲಿ ಡುರಾಂಡ್ ಕಪ್ಪನ್ನೂ ತಂದಿತು. ಒಳ್ಳೆಯ ಆಟಗಾರರು ಅತ್ತ ಹೋದ ಮೇಲೆ ಸಂತೋಷ್ ಟ್ರೋಫಿಯ ಮಟ್ಟ ಇಳಿದದ್ದು ನಿಜ, ಅದನ್ನು ಅಲ್ಲಗಳೆಯಲಾಗದು. ಆದರೆ ಕ್ಲಬ್ ಬೆಳೆಯುವುದು ಹಣ, ಕ್ರೀಡಾಂಗಣ, ನೋಡುವ ಜನ ಒಟ್ಟಿಗೆ ಸಿಗುವ ನಗರದಲ್ಲಿ. ಚಾಮರಾಜನಗರದಂಥ ಜಿಲ್ಲೆಗೆ ವೃತ್ತಿಪರ ಕ್ಲಬ್ ಬರುವುದನ್ನು ಕಾಯುತ್ತ ಕೂತರೆ ಎಷ್ಟೋ ತಲೆಮಾರು ಕಳೆದೀತು. ರಾಜ್ಯ ತಂಡದಲ್ಲಿ ಮಾತ್ರ ಆ ಜಿಲ್ಲೆಗೂ ಬೆಂಗಳೂರಿನಷ್ಟೇ ಹಕ್ಕಿದೆ. ಹೊರಗಿನ ಉದಾಹರಣೆಯೂ ಇದನ್ನೇ ಹೇಳುತ್ತದೆ. ಕೆನಡಾದಲ್ಲಿ ಲಕ್ರಾಸ್ ಎಂಬ ಆಟಕ್ಕೆ ರೈಲ್ವೆ ಉದ್ಯಮಿ ಡೊನಾಲ್ಡ್ ಮ್ಯಾನ್ 1910ರಲ್ಲಿ ಚಿನ್ನದ ಕಪ್ ಕೊಟ್ಟ. 1980ರ ದಶಕದಲ್ಲಿ ಒಳಾಂಗಣ ಲಕ್ರಾಸ್‌ನ ವೃತ್ತಿಪರ ಲೀಗ್ ಹುಟ್ಟಿ, ಅದಕ್ಕೆ ಬೇರೆಯದೇ ಟ್ರೋಫಿ ಬಂತು. ಹಾಗೆಂದು ಮ್ಯಾನ್ ಕಪ್ಪನ್ನು ಯಾರೂ ಮೂಲೆಗಿಡಲಿಲ್ಲ. ಹವ್ಯಾಸಿ ತಂಡಗಳು ಇಂದಿಗೂ ಅದಕ್ಕಾಗಿ ಸೆಣಸುತ್ತಿವೆ. ಎರಡೂ ಜೊತೆಗೆ ಬಾಳಲು ಸಾಧ್ಯವಿದೆ.

2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಫೈನಲ್ ಅನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸಂತೋಷ್ ಟ್ರೋಫಿಯ ಫೈನಲ್ ಪರದೇಶದಲ್ಲಿ ನಡೆದದ್ದು ಅದೇ ಮೊದಲು. ಮೂರನೆಯ ನಿಮಿಷದಲ್ಲೇ ಸುನಿಲ್ ಕುಮಾರ್ ಗೋಲು ಹೊಡೆದರು. ಮೇಘಾಲಯ ಪೆನಾಲ್ಟಿಯಲ್ಲಿ ಸಮ ಮಾಡಿತು. ಬೇಕೀ ಒರಾಂ ಮತ್ತೆ ಮುನ್ನಡೆ ತಂದರು. ವಿರಾಮಕ್ಕೆ ಮುಂಚೆ ರಾಬಿನ್ ಯಾದವ್ ಫ್ರೀ ಕಿಕ್‌ನಿಂದ ಮೂರನೆಯದನ್ನು ಸೇರಿಸಿದರು. ಒಂದು ಗಂಟೆಯ ಆಟವಾಗುವ ಹೊತ್ತಿಗೆ ಮೇಘಾಲಯ ಇನ್ನೊಂದು ಗೋಲು ಹೊಡೆಯಿತು. ಆಮೇಲಿನ ಅರ್ಧ ಗಂಟೆ ನಮ್ಮ ರಕ್ಷಣಾ ಆಟಗಾರರು ಜಗ್ಗಲಿಲ್ಲ. 3-2. ಆ ಹುಡುಗರ ಹೆಸರುಗಳು ಬಹುಪಾಲು ಜನಕ್ಕೆ ಹೊಸವು. 54 ವರ್ಷಗಳ ಬಳಿಕ ಬಂದ ಟ್ರೋಫಿ, ಅದರಲ್ಲೂ 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ಮೇಲೆ ಮೊದಲನೆಯದು.

ಆ ಗೆಲುವಿನ ಫಲ ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ ಆಚೆಗೂ ಹರಿಯಬೇಕು. ಮದ್ದೂರಿನ ಆಚೆ ಗಡಿ ದಾಟಿದರೆ ಸಾಕು, ಫುಟ್‌ಬಾಲ್ ಪಂದ್ಯಾವಳಿ ನಡೆಸಿ ಪಳಗಿದ ಊರುಗಳಿವೆ. ಅವರ ಜೊತೆ ಸ್ನೇಹಪಂದ್ಯ ಏರ್ಪಡಿಸಲು ದೊಡ್ಡ ಖರ್ಚೇನೂ ಬೇಡ. ರಾಜ್ಯ ಫುಟ್‌ಬಾಲ್ ಸಂಸ್ಥೆ ಸಂತೋಷ್ ಟ್ರೋಫಿ ತಂಡದ ಆಯ್ಕೆ ಶಿಬಿರವೊಂದನ್ನು ಪ್ರತಿ ವರ್ಷ ಚಾಮರಾಜನಗರ ಜಿಲ್ಲೆಯಲ್ಲಿ ನಡೆಸಲಿ, ಗುಂಡ್ಲುಪೇಟೆಯ ಶಾಲೆ ಕಾಲೇಜುಗಳು ತಮ್ಮ ಮಕ್ಕಳನ್ನು ಅಲ್ಲಿಗೆ ಕಳಿಸಲಿ.