ಎ-ಲೆವೆಲ್ ಫರ್ದರ್ ಮ್ಯಾಥ್ಸ್: ಉಳಿದರ್ಧಕ್ಕೆ ಏನು ಆರಿಸಬೇಕು?

ಕರ್ನಾಟಕದಲ್ಲಿ ಪಿಯುಸಿ, ಎಂಜಿನಿಯರಿಂಗ್ ಮುಗಿಸಿ ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ, ಮಕ್ಕಳಿಗೆ ಹದಿನಾರು ತುಂಬುವ ಹೊತ್ತಿಗೆ ಒಂದು ಪ್ರಶ್ನೆ ಬರುತ್ತದೆ. "ಫರ್ದರ್ ಮ್ಯಾಥ್ಸ್‌ನಲ್ಲಿ ಮೆಕ್ಯಾನಿಕ್ಸ್ ತಗೊಳ್ಳಲಾ, ಸ್ಟ್ಯಾಟಿಸ್ಟಿಕ್ಸಾ, ಡಿಸಿಷನ್ನಾ, ಇಲ್ಲಾ ಇನ್ನೂ ಪ್ಯೂರೇ ಮಾಡಲಾ ಅಪ್ಪಾ?" ಅಪ್ಪನಿಗೆ ಉತ್ತರ ಸುಲಭವಲ್ಲ. ಪಿಯುಸಿಯಲ್ಲಿ ಆಯ್ಕೆ ಎಂದರೆ ಕಾಂಬಿನೇಷನ್ನು. ಪಿಸಿಎಂಬಿಯೋ ಪಿಸಿಎಂಸಿಯೋ ಎಂದು ಒಮ್ಮೆ ಗುರುತು ಹಾಕಿದ ಮೇಲೆ ಗಣಿತದ ಪಠ್ಯ ಎಲ್ಲರಿಗೂ ಒಂದೇ. ಬಲ, ಡಿಕ್ಕಿ, ಸ್ಪ್ರಿಂಗು ಇವೆಲ್ಲ ಫಿಸಿಕ್ಸ್ ಮೇಷ್ಟರ ಪಾಲು. ಸಂಖ್ಯಾಶಾಸ್ತ್ರವನ್ನು ಬೇರೆ ವಿಷಯವಾಗಿ ತೆಗೆದುಕೊಂಡವರು ಓದುತ್ತಿದ್ದರು. ಅಲ್ಗಾರಿದಮ್ಮು ಕಂಪ್ಯೂಟರ್ ಸೈನ್ಸ್ ಲ್ಯಾಬಿಗೆ ಸೇರಿದ್ದು. ನಮ್ಮಲ್ಲಿ ಮೂರು ಮನೆಗೆ ಹಂಚಿಹೋದ ಈ ಆಸ್ತಿಯನ್ನು ಇಂಗ್ಲೆಂಡಿನವರು ಗಣಿತದ ಒಂದೇ ಸೂರಿನಡಿ ಇಟ್ಟುಕೊಂಡಿದ್ದಾರೆ. ಇದು ಗೊತ್ತಿಲ್ಲದೆ ಕೊಡುವ ಸಲಹೆ ದಾರಿ ತಪ್ಪಿಸುತ್ತದೆ. "ಮೆಕ್ಯಾನಿಕ್ಸ್ ಫಿಸಿಕ್ಸಲ್ಲೇ ಬರುತ್ತಲ್ಲ, ಮತ್ತೆ ಯಾಕೆ?" ಎಂದೋ, "ಸ್ಟ್ಯಾಟಿಸ್ಟಿಕ್ಸ್ ಕಾಮರ್ಸ್‌ನವರಿಗೆ" ಎಂದೋ ಹೇಳಿಬಿಡುತ್ತೇವೆ. ಎರಡೂ ಅಲ್ಲಿ ಸಲ್ಲದ ಮಾತು.

ಮೊದಲು ಚೌಕಟ್ಟು. ಇಂಗ್ಲೆಂಡಿನಲ್ಲಿ 2017ರ ಸೆಪ್ಟೆಂಬರಿನಿಂದ ಹೊಸ ಪಠ್ಯಕ್ರಮ ಬಂತು. ಅದಕ್ಕೆ ಮೊದಲು ಸಾಮಾನ್ಯ ಎ-ಲೆವೆಲ್ ಮ್ಯಾಥ್ಸ್‌ನಲ್ಲೂ ಮಾಡ್ಯೂಲ್ ಆರಿಸಬಹುದಿತ್ತು: ಸಿ1ರಿಂದ ಸಿ4ರವರೆಗೆ ಕಡ್ಡಾಯ, ಆಮೇಲೆ ಎಂ1, ಎಸ್1, ಡಿ1 ಇಂಥವುಗಳಲ್ಲಿ ಎರಡು. ಹಳೆಯ ಫೋರಂ ಸಲಹೆಗಳನ್ನೂ ಅಣ್ಣ ಅಕ್ಕಂದಿರ ಮಾತನ್ನೂ ಈಗ ಹಾಗೇ ನಂಬಬಾರದು ಎನ್ನುವುದು ಇದಕ್ಕೇ. ಈಗ ಸಾಮಾನ್ಯ ಮ್ಯಾಥ್ಸ್‌ನಲ್ಲಿ ಆಯ್ಕೆಯೇ ಇಲ್ಲ. ಸುಮಾರು ಮೂರರಲ್ಲಿ ಎರಡು ಪಾಲು ಶುದ್ಧ ಗಣಿತ, ಉಳಿದದ್ದರಲ್ಲಿ ಸ್ಟ್ಯಾಟಿಸ್ಟಿಕ್ಸ್ ಮತ್ತು ಮೆಕ್ಯಾನಿಕ್ಸ್ ಎರಡನ್ನೂ ಎಲ್ಲರೂ ಓದಲೇಬೇಕು. ಆಯ್ಕೆ ಉಳಿದಿರುವುದು ಫರ್ದರ್ ಮ್ಯಾಥ್ಸ್ ಎಂಬ ಇನ್ನೊಂದು ಪೂರ್ಣ ಎ-ಲೆವೆಲ್‌ನಲ್ಲಿ ಮಾತ್ರ.

ಅದರಲ್ಲಿ ಕೋರ್ ಪ್ಯೂರ್ ಎಂಬ ಭಾಗ ಕಡ್ಡಾಯ. ಸಂಮಿಶ್ರ ಸಂಖ್ಯೆ, ಮಾತೃಕೆ, ಸದಿಶ, ಗಣಿತಾನುಮಾನದ ಸಾಧನೆ, ಅವಕಲ ಸಮೀಕರಣ, ಪೋಲಾರ್ ನಿರ್ದೇಶಾಂಕ, ಹೈಪರ್ಬಾಲಿಕ್ ಫಲನ ಇವೆಲ್ಲ ಇಲ್ಲಿ ಬರುತ್ತವೆ. ಉಳಿದ ಭಾಗ ಹೇಗಿರುತ್ತದೆ ಎನ್ನುವುದು ಶಾಲೆ ಯಾವ ಪರೀಕ್ಷಾ ಮಂಡಳಿಯದು ಎನ್ನುವುದರ ಮೇಲಿದೆ. ಪಿಯರ್ಸನ್ ಎಡೆಕ್ಸೆಲ್‌ನಲ್ಲಿ ಒಟ್ಟು ನಾಲ್ಕು ಪೇಪರು, ತಲಾ ಒಂದೂವರೆ ಗಂಟೆ, ತಲಾ 75 ಅಂಕ. ಎರಡು ಕೋರ್ ಪ್ಯೂರ್, ಎರಡು ಐಚ್ಛಿಕ. ಐಚ್ಛಿಕದಲ್ಲಿ ಫರ್ದರ್ ಪ್ಯೂರ್, ಸ್ಟ್ಯಾಟಿಸ್ಟಿಕ್ಸ್, ಮೆಕ್ಯಾನಿಕ್ಸ್, ಡಿಸಿಷನ್ ನಾಲ್ಕಕ್ಕೂ 1 ಮತ್ತು 2 ಎಂಬ ಎರಡೆರಡು ಹಂತ. 1 ಓದದೆ 2 ತೆಗೆದುಕೊಳ್ಳುವಂತಿಲ್ಲ. ಹಾಗಾಗಿ ಲೆಕ್ಕ ಹಾಕಿದರೆ ಹತ್ತು ಜೋಡಿ ಸಾಧ್ಯ: ಬೇರೆ ಬೇರೆ ಎರಡು ಶಾಖೆಯ 1ನೇ ಹಂತ ಸೇರಿಸಿದರೆ ಆರು, ಒಂದೇ ಶಾಖೆಯಲ್ಲಿ 1 ಮತ್ತು 2 ಎಂದು ಆಳಕ್ಕಿಳಿದರೆ ನಾಲ್ಕು. ಎಕ್ಯೂಎ ಮಂಡಳಿಯಲ್ಲಿ ಕೊನೆಯ ಒಂದು ಪೇಪರಿನೊಳಗೆ ಮೆಕ್ಯಾನಿಕ್ಸ್, ಸ್ಟ್ಯಾಟಿಸ್ಟಿಕ್ಸ್, ಡಿಸ್ಕ್ರೀಟ್ ಮೂರರಲ್ಲಿ ಎರಡು. ಓಸಿಆರ್‌ನಲ್ಲಿ ಇವುಗಳ ಜೊತೆ ಅಡಿಷನಲ್ ಪ್ಯೂರ್ ಕೂಡ ಇದೆ. ಮಗುವಿನದು ಯಾವ ಮಂಡಳಿ ಎಂದು ತಿಳಿಯದೆ ಚರ್ಚೆಗೆ ಕೂರುವುದು ದಂಡ.

ಬೆಂಗಳೂರಿನ ಅಂತರರಾಷ್ಟ್ರೀಯ ಶಾಲೆಗಳಲ್ಲಿ ಕೇಂಬ್ರಿಡ್ಜ್ ಇಂಟರ್‌ನ್ಯಾಷನಲ್ ಎ-ಲೆವೆಲ್ ಓದುವ ಮಕ್ಕಳದು ಬೇರೆ ಕಥೆ. ಅವರಿಗೆ ಆಯ್ಕೆ ಇರುವುದು ಸಾಮಾನ್ಯ ಮ್ಯಾಥ್ಸ್‌ನಲ್ಲೇ: ಎರಡು ಪ್ಯೂರ್ ಪೇಪರಿನ ಜೊತೆ ಮೆಕ್ಯಾನಿಕ್ಸ್ ಮತ್ತು ಮೊದಲ ಹಂತದ ಸ್ಟ್ಯಾಟಿಸ್ಟಿಕ್ಸ್, ಇಲ್ಲವೇ ಸ್ಟ್ಯಾಟಿಸ್ಟಿಕ್ಸ್‌ನ ಎರಡೂ ಹಂತ. ಅಲ್ಲಿನ ಫರ್ದರ್ ಮ್ಯಾಥ್ಸ್ ಪೂರ್ತಿ ಎ-ಲೆವೆಲ್‌ಗೆ ನಾಲ್ಕು ಪೇಪರೂ ಕಡ್ಡಾಯ.

ಎಲ್ಲರೂ ಮೊದಲು ಕೇಳುವ ಪ್ರಶ್ನೆ, ಯಾವುದು ಸುಲಭ ಎಂದು. ಅಂಕ ಹೇಗೆ ಗ್ರೇಡ್ ಆಗುತ್ತದೆ ಎನ್ನುವುದು ಗೊತ್ತಾದರೆ ಈ ಪ್ರಶ್ನೆಯ ತೂಕ ಇಳಿಯುತ್ತದೆ. ಎಡೆಕ್ಸೆಲ್ ಪ್ರತಿವರ್ಷ ಗ್ರೇಡಿನ ಗಡಿ ಅಂಕಗಳನ್ನು ಪ್ರಕಟಿಸುವಾಗ ಫರ್ದರ್ ಮ್ಯಾಥ್ಸ್‌ಗೆ ಒಂದೇ ಗಡಿ ಹಾಕುವುದಿಲ್ಲ. ಪ್ರತಿಯೊಂದು ಜೋಡಿಗೂ 300ಕ್ಕೆ ಬೇರೆ ಬೇರೆ ಗಡಿ. ಒಂದು ಪೇಪರು ಆ ವರ್ಷ ಸಲೀಸಾಗಿದ್ದರೆ ಆ ಜೋಡಿಯ ಗಡಿ ಮೇಲೇರುತ್ತದೆ, ಕಠಿಣವಾಗಿದ್ದರೆ ಇಳಿಯುತ್ತದೆ. ಸುಲಭದ ಪೇಪರು ಹುಡುಕಿ ಲಾಭ ಮಾಡಿಕೊಳ್ಳುವ ದಾರಿಯನ್ನು ಮಂಡಳಿಯೇ ಬಹುಮಟ್ಟಿಗೆ ಮುಚ್ಚಿದೆ. ಸುಲಭದ ಪೇಪರಿನಲ್ಲಿ ಇನ್ನೊಂದು ಅಪಾಯವೂ ಇದೆ: ಗಡಿ ಮೇಲಿದ್ದಾಗ ಸಣ್ಣ ಅಜಾಗರೂಕತೆಗೂ ಗ್ರೇಡ್ ಜಾರುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ, ಈ ಮಗುವಿಗೆ ಯಾವ ಬಗೆಯ ಲೆಕ್ಕದಲ್ಲಿ ತಾಳ್ಮೆ ಹೆಚ್ಚು ಎಂಬುದು. ಒಂದೊಂದು ಶಾಖೆಯ ರುಚಿ ಹೇಗಿದೆ ಎಂದು ನೋಡೋಣ.

ಮೆಕ್ಯಾನಿಕ್ಸ್ 1ರಲ್ಲಿ ಸಂವೇಗ, ಕೆಲಸ, ಶಕ್ತಿ, ಹಿಗ್ಗುವ ದಾರ ಮತ್ತು ಸ್ಪ್ರಿಂಗು, ಒಂದು ಮತ್ತು ಎರಡು ಆಯಾಮದ ಡಿಕ್ಕಿಗಳು. ಒಂದು ಮೀಟರ್ ಎತ್ತರದಿಂದ ಬಿಟ್ಟ ಚೆಂಡು ನೆಲಕ್ಕೆ ಬಡಿದಾಗ ತನ್ನ ವೇಗದ 0.8 ಪಾಲನ್ನು ಉಳಿಸಿಕೊಂಡು ಮೇಲೇಳುತ್ತದೆ ಅಂದುಕೊಳ್ಳಿ. ಎತ್ತರ ವೇಗದ ವರ್ಗವನ್ನು ಅನುಸರಿಸುವುದರಿಂದ ಅದು ಏರುವುದು 64 ಸೆಂಟಿಮೀಟರ್, ಮುಂದಿನ ಸಲ ಸುಮಾರು 41. ಲೆಕ್ಕದ ಪ್ರಕಾರ ಪುಟಿತಗಳ ಸಂಖ್ಯೆಗೆ ಕೊನೆಯೇ ಇಲ್ಲ, ಆದರೂ ಚೆಂಡು ಕ್ರಮಿಸುವ ಒಟ್ಟು ದೂರ ಸುಮಾರು 4.56 ಮೀಟರ್ ಮಾತ್ರ. ಗುಣೋತ್ತರ ಶ್ರೇಣಿಯ ಮೊತ್ತ ಅಷ್ಟಕ್ಕೇ ನಿಲ್ಲುತ್ತದೆ. ಭೌತಿಕ ನಿಯಮವೊಂದು ಬೀಜಗಣಿತವಾಗಿ ಬದಲಾಗುವ ಈ ಗಳಿಗೆ ಯಾರಿಗೆ ಖುಷಿ ಕೊಡುತ್ತದೋ ಅವರಿಗೆ ಮೆಕ್ಯಾನಿಕ್ಸ್ ಒಗ್ಗುತ್ತದೆ. ಚಿತ್ರ ಬರೆದು ಬಲಗಳನ್ನು ಗುರುತಿಸುವ ಅಭ್ಯಾಸ ಇಲ್ಲದವರಿಗೆ ಮೊದಲ ಸಾಲಿನಲ್ಲೇ ಎಡವಟ್ಟಾಗುತ್ತದೆ.

ಇಲ್ಲಿ ನಮ್ಮವರು ಗಮನಿಸಬೇಕಾದ ಒಂದು ಸಂಗತಿಯಿದೆ. ಇಂಗ್ಲೆಂಡಿನ ಎ-ಲೆವೆಲ್ ಫಿಸಿಕ್ಸ್‌ನಲ್ಲಿ ಕಲನಶಾಸ್ತ್ರದ ಬಳಕೆ ತೀರ ಕಡಿಮೆ. ನಮ್ಮ ಪಿಯುಸಿಯಲ್ಲಿ, ಅದಕ್ಕಿಂತ ಹೆಚ್ಚಾಗಿ ಜೆಇಇ ತಯಾರಿಯಲ್ಲಿ, ಫಿಸಿಕ್ಸ್ ಹೆಸರಿನಲ್ಲಿ ಮಾಡುತ್ತಿದ್ದ ಗಟ್ಟಿ ಲೆಕ್ಕಗಳಲ್ಲಿ ಒಂದಷ್ಟು ಅಲ್ಲಿ ಸಿಗುವುದು ಫರ್ದರ್ ಮೆಕ್ಯಾನಿಕ್ಸ್‌ನಲ್ಲಿ. ಮೆಕ್ಯಾನಿಕಲ್, ಸಿವಿಲ್, ಏರೋಸ್ಪೇಸ್ ಎಂಜಿನಿಯರಿಂಗ್ ಅಥವಾ ಫಿಸಿಕ್ಸ್ ಓದಬೇಕೆಂದಿರುವ ಮಗುವಿಗೆ ಮೆಕ್ಯಾನಿಕ್ಸ್ 1 ಇಲ್ಲದ ಜೋಡಿಯನ್ನು ನಾನು ಸೂಚಿಸುವುದಿಲ್ಲ. ವೃತ್ತಾಕಾರದ ಚಲನೆ, ದ್ರವ್ಯರಾಶಿ ಕೇಂದ್ರ, ಸರಳ ಸಂಗತ ಚಲನೆ ಇರುವ ಮೆಕ್ಯಾನಿಕ್ಸ್ 2 ಇಷ್ಟಪಟ್ಟರೆ ಸರಿ, ಅದಿಲ್ಲದೆಯೂ ನಡೆಯುತ್ತದೆ.

ಸ್ಟ್ಯಾಟಿಸ್ಟಿಕ್ಸ್ ಬಗ್ಗೆ ನಮ್ಮಲ್ಲಿ ಇರುವ ತಾತ್ಸಾರ ನನಗೆ ಬೇಸರ ತರಿಸುತ್ತದೆ. ಒಂದು ಸರ್ಕಲ್ಲಿನಲ್ಲಿ ವರ್ಷಕ್ಕೆ ಸರಾಸರಿ ಆರು ಅಪಘಾತ ಆಗುತ್ತಿದ್ದವು. ಸಿಗ್ನಲ್ ಹಾಕಿದ ಮರುವರ್ಷ ಎರಡೇ ಆದವು ಅಂದುಕೊಳ್ಳಿ. ಸಿಗ್ನಲ್ಲಿನಿಂದಲೇ ಕಡಿಮೆಯಾಯಿತು ಎಂದು ಎಲ್ಲರೂ ಹೇಳುತ್ತಾರೆ. ಪಾಯ್ಸಾನ್ ವಿತರಣೆ ಹಿಡಿದು ನೋಡಿದರೆ, ಏನೂ ಬದಲಾಗದಿದ್ದರೂ ಬರೀ ಆಕಸ್ಮಿಕವಾಗಿ ಎರಡು ಅಥವಾ ಅದಕ್ಕಿಂತ ಕಡಿಮೆ ಅಪಘಾತ ಆಗುವ ಸಂಭವ ಶೇ 6.2. ಶೇ 5ರ ಮಟ್ಟದಲ್ಲಿ ಪರೀಕ್ಷಿಸಿದರೆ ಸಾಕ್ಷ್ಯ ಸಾಲದು. ಅಂಕಗಣಿತ ಇಲ್ಲಿ ಚಿಕ್ಕದು, ಕಷ್ಟ ಇರುವುದು ತೀರ್ಮಾನವನ್ನು ಸರಿಯಾದ ಮಾತಿನಲ್ಲಿ ಬರೆಯುವುದರಲ್ಲಿ. "ಸಿಗ್ನಲ್ ಉಪಯೋಗವಿಲ್ಲ" ಎಂದು ಬರೆದರೆ ತಪ್ಪು. "ಕಡಿಮೆಯಾಗಿದೆ ಎನ್ನಲು ಸಾಕಷ್ಟು ಸಾಕ್ಷ್ಯ ಇಲ್ಲ" ಎಂದರೆ ಸರಿ. ಮಾತಿನ ಈ ಸೂಕ್ಷ್ಮ ಹಿಡಿಯುವ ಮಕ್ಕಳು ಇಲ್ಲಿ ಗೆಲ್ಲುತ್ತಾರೆ. ಅರ್ಥಶಾಸ್ತ್ರ, ಜೀವವಿಜ್ಞಾನ, ವೈದ್ಯಕೀಯ, ಮನಃಶಾಸ್ತ್ರ, ಆಕ್ಚುರಿಯಲ್ ಸೈನ್ಸ್, ಡೇಟಾ ಸೈನ್ಸ್ ಯಾವ ಕಡೆ ಹೋದರೂ ಪದವಿಯ ಮೊದಲ ವರ್ಷವೇ ಈ ಪಾಠ ಎದುರು ನಿಲ್ಲುತ್ತದೆ.

ಎರಡನೇ ಹಂತದಲ್ಲಿ ಅಂದಾಜುಕಗಳು, ವಿಶ್ವಾಸಾಂತರ, ಟಿ ಪರೀಕ್ಷೆ, ಎಫ್ ವಿತರಣೆ ಬರುತ್ತವೆ. ಆ ಎಫ್ ಎಂಬ ಅಕ್ಷರ ಆರ್. ಎ. ಫಿಶರ್ ಅವರ ಹೆಸರಿನದು. ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ಕೇಂಬ್ರಿಡ್ಜ್‌ನಲ್ಲಿ ಡಾಕ್ಟರೇಟ್ ಮಾಡಿದ್ದು ಇದೇ ಫಿಶರ್ ಅವರ ಕೈಕೆಳಗೆ. ಒಂದು ಅಂದಾಜು ಎಷ್ಟರ ಮಟ್ಟಿಗೆ ನಿಖರವಾಗಬಲ್ಲದು ಎಂಬುದಕ್ಕೆ 1945ರಲ್ಲಿ ರಾವ್ ಹಾಕಿಕೊಟ್ಟ ಮಿತಿ ಕ್ರಾಮೆರ್–ರಾವ್ ಹೆಸರಿನಲ್ಲಿ ಇಂದಿಗೂ ಪದವಿ ತರಗತಿಗಳಲ್ಲಿದೆ. ಸ್ಟ್ಯಾಟಿಸ್ಟಿಕ್ಸ್ ಎರಡನೇ ದರ್ಜೆಯ ಗಣಿತ ಎನ್ನುವ ಕನ್ನಡದ ಅಪ್ಪ ಅಮ್ಮಂದಿರಿಗೆ ಈ ವಿಷಯ ತಿಳಿದಿರಲಿ.

ಡಿಸಿಷನ್ ಮ್ಯಾಥ್ಸ್ ಜಾಲ ಮತ್ತು ಕ್ರಮವಿಧಿಗಳ ಗಣಿತ. ಡೈಕ್‌ಸ್ಟ್ರಾ ಅವರ ಅತಿ ಹತ್ತಿರದ ದಾರಿ, ಕ್ರುಸ್ಕಲ್ ಮತ್ತು ಪ್ರಿಮ್ ಅವರ ಕನಿಷ್ಠ ಸಂಪರ್ಕ ಜಾಲ, ಲೀನಿಯರ್ ಪ್ರೋಗ್ರಾಮಿಂಗ್‌ಗೆ ಡಾಂಟ್‌ಜಿಗ್ ಅವರ ಸಿಂಪ್ಲೆಕ್ಸ್. ಇವೆಲ್ಲ ಇಪ್ಪತ್ತನೆಯ ಶತಮಾನದ ನಡುಭಾಗದವು, ಶಾಲೆಯಲ್ಲಿ ಕಲಿಯುವ ಗಣಿತದಲ್ಲೇ ತೀರ ಹೊಸವು. ಅಂಚೆಯವನು ಎಲ್ಲ ಬೀದಿಗಳನ್ನೂ ಸುತ್ತಿ ಅತಿ ಕಡಿಮೆ ನಡಿಗೆಯಲ್ಲಿ ಕಚೇರಿಗೆ ಮರಳುವುದು ಹೇಗೆ ಎಂಬ ಸಮಸ್ಯೆಯನ್ನು 1960ರ ಹೊತ್ತಿಗೆ ಚೀನಾದ ಗಣಿತಜ್ಞ ಗುವಾನ್ ಮೇಗು ಎತ್ತಿದ್ದರು. ಬೆಸಸಂಖ್ಯೆಯ ರಸ್ತೆಗಳು ಕೂಡುವ ವೃತ್ತಗಳನ್ನು ಜೋಡಿ ಮಾಡಿ, ಯಾವ ಜೋಡಣೆಯಲ್ಲಿ ಮರುನಡಿಗೆ ಕಡಿಮೆ ಎಂದು ನೋಡಬೇಕು. ಅಂಥ ವೃತ್ತ ನಾಲ್ಕಿದ್ದರೆ ಮೂರು ಜೋಡಣೆ, ಆರಿದ್ದರೆ ಹದಿನೈದು, ಎಂಟಿದ್ದರೆ 105. ಕೈಲೆಕ್ಕ ಎಷ್ಟು ಬೇಗ ಕೈಕೊಡುತ್ತದೆ ಎನ್ನುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಇದನ್ನು ಕಲಿಯಲು ಹಿಂದಿನ ಗಣಿತ ಹೆಚ್ಚು ಬೇಕಿಲ್ಲ, ಅದಕ್ಕೇ ಸುಲಭ ಎಂಬ ಹೆಸರು. ಆದರೆ ಪರೀಕ್ಷೆಯಲ್ಲಿ ಪ್ರತಿ ಹೆಜ್ಜೆಯನ್ನೂ ಕ್ರಮ ತಪ್ಪದೆ ಬರೆದು ತೋರಿಸಬೇಕು. ಉತ್ತರ ಸರಿಯಿದ್ದು ಹೆಜ್ಜೆ ಬಿಟ್ಟರೆ ಅಂಕ ಹೋಯಿತು. ಅವಸರದ ಜಾಣರಿಗೆ ಇದು ಹೊಂದುವುದಿಲ್ಲ. ಕಂಪ್ಯೂಟರ್ ಸೈನ್ಸ್‌ಗೆ ಹೋಗುವವರಿಗೆ ಡಿಸಿಷನ್ 1 ಒಳ್ಳೆಯ ಪರಿಚಯ, ಆದರೆ ಆ ಪದವಿ ಬೇಡುವುದು ಸಾಧನೆ ಬರೆಯುವ ಶಕ್ತಿಯನ್ನು. ಆದ್ದರಿಂದ ಡಿಸಿಷನ್ 1 ಮತ್ತು 2 ಎಂಬ ಜೋಡಿಗಿಂತ ಡಿಸಿಷನ್ 1 ಜೊತೆ ಫರ್ದರ್ ಪ್ಯೂರ್ 1 ಅಥವಾ ಸ್ಟ್ಯಾಟಿಸ್ಟಿಕ್ಸ್ 1 ಮೇಲು ಎಂದು ನನ್ನ ನಂಬಿಕೆ.

ಫರ್ದರ್ ಪ್ಯೂರ್ ಇರುವುದು ಗಣಿತವನ್ನೇ ಪದವಿಯಾಗಿ ಓದಲು ಹೊರಟವರಿಗೆ. ಎಡೆಕ್ಸೆಲ್‌ನ ಎರಡನೇ ಹಂತದಲ್ಲಿ ಗ್ರೂಪ್ ಸಿದ್ಧಾಂತ, ಐಗನ್ ಮೌಲ್ಯ, ಸಂಖ್ಯಾಸಿದ್ಧಾಂತ ಇವೆ. 3ರ ನೂರನೇ ಘಾತವನ್ನು 7ರಿಂದ ಭಾಗಿಸಿದರೆ ಶೇಷ ಎಷ್ಟು? ಫರ್ಮಾ ಅವರ ಕಿರು ಪ್ರಮೇಯದಂತೆ 3ರ ಆರನೇ ಘಾತದ ಶೇಷ 1; ನೂರರಲ್ಲಿ ಆರರ ಗುಂಪುಗಳನ್ನು ತೆಗೆದರೆ ಉಳಿಯುವುದು ನಾಲ್ಕು; 81ನ್ನು 7ರಿಂದ ಭಾಗಿಸಿದ ಶೇಷ 4. ಇಂಥದ್ದು ಕಂಡಾಗ ಮಗು ಬೇರೆ ಸಂಖ್ಯೆ ಹಾಕಿ ತಾನೇ ನೋಡಲು ಕೂರುತ್ತದೆಯೇ? ಕೂತರೆ ಪ್ಯೂರ್ ಕೊಡಿ. ಆದರೂ ಪ್ಯೂರ್ 1 ಮತ್ತು 2 ಎರಡನ್ನೂ ತೆಗೆದುಕೊಂಡು ಅನ್ವಯಿಕ ಗಣಿತವನ್ನು ಪೂರ್ತಿ ಬಿಡುವ ಮುನ್ನ ಯೋಚಿಸಬೇಕು. ಕೇಂಬ್ರಿಡ್ಜ್ ಗಣಿತ ಪದವಿಗೆ ಬೇಕಾದ ಸ್ಟೆಪ್ ಪರೀಕ್ಷೆಯ ಪ್ರತಿ ಪೇಪರಿನಲ್ಲಿ ಹನ್ನೆರಡು ಪ್ರಶ್ನೆ: ಎಂಟು ಪ್ಯೂರ್, ಎರಡು ಮೆಕ್ಯಾನಿಕ್ಸ್, ಎರಡು ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರ. ಲೆಕ್ಕಕ್ಕೆ ಬರುವುದು ಅತ್ಯುತ್ತಮ ಆರು ಉತ್ತರ. ಮೆಕ್ಯಾನಿಕ್ಸೋ ಸ್ಟ್ಯಾಟಿಸ್ಟಿಕ್ಸೋ ಚೆನ್ನಾಗಿ ಬರುವವರಿಗೆ ಅಲ್ಲಿ ಆರಿಸಿಕೊಳ್ಳಲು ಪ್ರಶ್ನೆ ಹೆಚ್ಚು.

ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಕೇಳುವುದು ಫರ್ದರ್ ಮ್ಯಾಥ್ಸ್ ಇದೆಯೇ, ಗ್ರೇಡ್ ಎಷ್ಟು ಎಂದು. ಒಳಗಿನ ಜೋಡಿ ಯಾವುದು ಎಂದಲ್ಲ. ಬೇರೆ ಬೇರೆ ಶಾಲೆ ಬೇರೆ ಬೇರೆ ಪೇಪರು ಕಲಿಸುತ್ತವೆ ಎಂಬುದು ಅವರಿಗೂ ಗೊತ್ತು. ಪದವಿಯ ಮೊದಲ ವರ್ಷ ಬಹಳಷ್ಟನ್ನು ಮತ್ತೆ ಮೊದಲಿನಿಂದ ಕಲಿಸುತ್ತಾರೆ. ಹಾಗಾಗಿ ಆಯ್ಕೆ ತಪ್ಪಾದರೆ ಬದುಕೇ ಕೆಟ್ಟಿತು ಎಂದು ಮನೆಯಲ್ಲಿ ಗಾಬರಿ ಹುಟ್ಟಿಸುವ ಅಗತ್ಯ ಇಲ್ಲ.

ವಾಸ್ತವದಲ್ಲಿ ಹತ್ತು ಜೋಡಿಯನ್ನೂ ಶಾಲೆಗಳು ಮಕ್ಕಳ ಮುಂದೆ ಇಡುವುದು ಅಪರೂಪ. ಫರ್ದರ್ ಮ್ಯಾಥ್ಸ್ ತರಗತಿ ಚಿಕ್ಕದಿರುತ್ತದೆ, ಶಿಕ್ಷಕರು ಒಬ್ಬಿಬ್ಬರು. ಅನೇಕ ಕಡೆ ಜೋಡಿಯನ್ನು ಶಾಲೆಯೇ ನಿರ್ಧರಿಸಿಬಿಟ್ಟಿರುತ್ತದೆ. ಸಿಕ್ಸ್ತ್ ಫಾರ್ಮ್ ಸೇರುವ ಮುನ್ನ ಓಪನ್ ಈವ್ನಿಂಗ್‌ಗೆ ಹೋದಾಗ ಮೂರು ವಿಷಯ ಕೇಳಿಕೊಳ್ಳಿ: ಯಾವ ಮಂಡಳಿ, ಯಾವ ಐಚ್ಛಿಕ ಪೇಪರುಗಳಿಗೆ ಪಾಠ ಇದೆ, ಮ್ಯಾಥ್ಸ್ ಮತ್ತು ಫರ್ದರ್ ಜೊತೆಜೊತೆಗೆ ನಡೆಯುತ್ತವೆಯೋ ಅಥವಾ ಮೊದಲ ವರ್ಷ ಮ್ಯಾಥ್ಸ್ ಮುಗಿಸಿ ಎರಡನೇ ವರ್ಷ ಫರ್ದರ್ ಹಿಡಿಯುತ್ತಾರೋ. ಚೆನ್ನಾಗಿ ಕಲಿಸುವ ಮೇಷ್ಟರಿರುವ ಪೇಪರನ್ನು ಬಿಟ್ಟು, ಮೇಷ್ಟರಿಲ್ಲದ ಆದರ್ಶ ಪೇಪರನ್ನು ಒಬ್ಬಂಟಿಯಾಗಿ ಓದಲು ಹೊರಡುವುದು ಎಲ್ಲ ಮಕ್ಕಳಿಗೂ ಸಾಧ್ಯವಿಲ್ಲ. ಡಿಸಿಷನ್ 1 ಮತ್ತು ಸ್ಟ್ಯಾಟಿಸ್ಟಿಕ್ಸ್ 1 ಸ್ವಂತ ಓದಿಗೆ ಸ್ವಲ್ಪ ಸಲೀಸು. ಮೆಕ್ಯಾನಿಕ್ಸ್‌ಗೆ ತಪ್ಪು ತೋರಿಸುವ ಕಣ್ಣೊಂದು ಪಕ್ಕದಲ್ಲಿ ಬೇಕು.

ಆಯ್ಕೆ ನಿಜವಾಗಿ ಮಗುವಿನ ಕೈಯಲ್ಲೇ ಇದ್ದರೆ ಮಂಡಳಿಯ ಜಾಲತಾಣದಿಂದ 2019ರ ನಂತರದ ಹಳೆಯ ಪ್ರಶ್ನೆಪತ್ರಿಕೆಗಳನ್ನು ಇಳಿಸಿಕೊಳ್ಳಿ. ಪ್ರತಿ ಶಾಖೆಯ ಪಠ್ಯಪುಸ್ತಕದ ಮೊದಲ ಅಧ್ಯಾಯ ಓದಿಸಿ, ಅದಕ್ಕೆ ಸಂಬಂಧಿಸಿದ ಒಂದು ಪ್ರಶ್ನೆಯನ್ನು ಮಾಡಲು ಬಿಡಿ. ಸರಿಯಾಯಿತೋ ತಪ್ಪಾಯಿತೋ ಎನ್ನುವುದಕ್ಕಿಂತ, ಸಿಕ್ಕಿಹಾಕಿಕೊಂಡಾಗ ಮಗು ಏನು ಮಾಡಿತು ಎಂದು ನೋಡಿ. ಪುಸ್ತಕ ಮುಚ್ಚಿದ್ದು ಯಾವುದರಲ್ಲಿ, ಊಟಕ್ಕೆ ಕರೆದರೂ "ಒಂದು ನಿಮಿಷ ಅಮ್ಮಾ" ಅಂದದ್ದು ಯಾವುದರಲ್ಲಿ? ಶಾಲೆ ಒಪ್ಪಿದರೆ ಶುರುವಿನ ಕೆಲವು ವಾರ ಎರಡು ತರಗತಿಗೂ ಕೂತು ನೋಡಬಹುದು. ಬೇಸಿಗೆಯ ಪರೀಕ್ಷೆಗೆ ಶಾಲೆಗಳು ಹೆಸರು ನೋಂದಾಯಿಸುವುದು ಕೊನೆಯ ವರ್ಷದ ಫೆಬ್ರವರಿಯಲ್ಲಿ. ಪೇಪರು ಬದಲಿಸುವ ಮಾತಿದ್ದರೆ ಕ್ರಿಸ್‌ಮಸ್ ರಜೆಗೆ ಮೊದಲೇ ಗಣಿತ ವಿಭಾಗದವರ ಜೊತೆ ಕೂತು ಮಾತಾಡಿ ಮುಗಿಸಿ.