ದಡದ ದೀಪ ಕಂಡರೂ ದಡದ ಸಂಪರ್ಕವಿಲ್ಲ: ಕರಾವಳಿಯ ಹಡಗಿನಲ್ಲಿ ಮೊಬೈಲ್ ಅಂತರ್ಜಾಲ

ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳಿಂದ ಬಂದು ಮುಂಬಯಿಯಲ್ಲಿ ನೆಲೆಸಿದವರ ಮನೆಗಳಲ್ಲಿ ಮಗನೋ ಅಳಿಯನೋ ಹಡಗಿನ ಉದ್ಯೋಗದಲ್ಲಿರುವುದುಂಟು. ಅಂತಹ ಒಂದು ಮನೆಯಲ್ಲಿ ನಡೆದ ಘಟನೆಯೇ ಈ ಲೇಖನಕ್ಕೆ ಕಾರಣ.

ಆ ಮನೆಯ ವೃದ್ಧ ತಾಯಿಗೆ ನಡುರಾತ್ರಿ ಉಸಿರಾಟದ ತೊಂದರೆ ಉಂಟಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಸರಕು ಹಡಗಿನಲ್ಲಿ ಅಧಿಕಾರಿಯಾಗಿದ್ದ ಮಗನು ಆಗ ದೂರದೇಶದಲ್ಲೇನೂ ಇರಲಿಲ್ಲ. ಧಕ್ಕೆಯಲ್ಲಿ ಸ್ಥಳ ದೊರೆಯುವುದನ್ನು ಕಾಯುತ್ತ ಅವನ ಹಡಗು ಮುಂಬಯಿಯ ಹೊರಗಡೆಯೇ ಲಂಗರು ಹಾಕಿತ್ತು. ನಗರದ ದೀಪಗಳು ಕಣ್ಣಿಗೆ ಕಾಣುತ್ತಿದ್ದವು. ಮೊಬೈಲಿನಲ್ಲಿ ಸಂಕೇತದ ಎರಡು ಗೆರೆಗಳೂ ಇದ್ದವು. ಆದರೆ ಮನೆಯವರ ಸಂದೇಶ ಅವನಿಗೆ ತಲುಪಿದ್ದು ಒಂದು ತಾಸಿನ ಬಳಿಕ. ಆಸ್ಪತ್ರೆಯ ಮುಂಗಡ ಹಣವನ್ನು ಕಳುಹಿಸಲು ಯತ್ನಿಸಿದಾಗಲೆಲ್ಲ ಬ್ಯಾಂಕಿನ ಒ.ಟಿ.ಪಿ. ಅವಧಿ ಮುಗಿದ ಮೇಲೆಯೇ ಬರುತ್ತಿತ್ತು. ಕೊನೆಗೆ ನೆರೆಯವರು ಹಣ ಹೊಂದಿಸಿದರು, ತಾಯಿ ಗುಣಮುಖರಾದರು. ಮುಂದೆ ಆ ಯುವಕನು ನನ್ನಲ್ಲಿ ಕೇಳಿದ ಪ್ರಶ್ನೆ ಇದು: "ನಡುಸಮುದ್ರದಿಂದ ಅಮ್ಮನ ಮುಖ ನೋಡಿ ಮಾತಾಡಿದ್ದೇನೆ. ನಮ್ಮ ಊರಿನ ಎದುರಿನಲ್ಲೇ ಏಕೆ ಆಗಲಿಲ್ಲ?"

ಎರಡು ವ್ಯವಸ್ಥೆಗಳ ನಡುವಿನ ತೆರಪು

ನಡುಸಮುದ್ರದಲ್ಲಿ ಹಡಗಿಗೆ ಅಂತರ್ಜಾಲ ಒದಗುವುದು ಉಪಗ್ರಹದಿಂದ. ಅದು ದಡದ ಗೋಪುರಗಳನ್ನು ಅವಲಂಬಿಸಿಲ್ಲ. ಆದರೆ ಭಾರತದ ಪ್ರಾದೇಶಿಕ ಜಲ, ಅಂದರೆ ತೀರದಿಂದ 12 ನಾವಿಕ ಮೈಲು ಅಥವಾ ಸುಮಾರು 22 ಕಿಲೋಮೀಟರಿನ ಒಳಗೆ ಆ ಸೇವೆಯನ್ನು ಬಳಸಲು ಇಲ್ಲಿನ ಪರವಾನಿಗೆ ಅಗತ್ಯ. 2018ರ ವಿಮಾನ ಮತ್ತು ಸಾಗರ ಸಂಪರ್ಕ ನಿಯಮಗಳು ಇದಕ್ಕೆ ದಾರಿ ಮಾಡಿಕೊಟ್ಟಿವೆ. ಅಂತಹ ಪರವಾನಿಗೆಯ ವ್ಯವಸ್ಥೆಯಿಲ್ಲದ ಹಡಗು ತೀರವನ್ನು ಸಮೀಪಿಸಿದಾಗ ಉಪಗ್ರಹ ಸೇವೆಯನ್ನು ನಿಲ್ಲಿಸಬೇಕಾಗುತ್ತದೆ. ದಡದ ಮೊಬೈಲ್ ಸೇವೆಯಾದರೋ ಇನ್ನೂ ಸರಿಯಾಗಿ ದೊರೆತಿರುವುದಿಲ್ಲ. ಒಂದು ಕೈಬಿಟ್ಟು ಇನ್ನೊಂದು ಕೈಗೆ ಸಿಗದ ಈ ತೆರಪಿನಲ್ಲಿಯೇ ನಮ್ಮ ಯುವಕನು ಸಿಲುಕಿದ್ದು.

ಎತ್ತರದ ಲೆಕ್ಕ

ಮೊಬೈಲ್ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ, ಭೂಮಿಯಾದರೋ ಗೋಲ. ಆದುದರಿಂದ ದಿಗಂತದ ಆಚೆ ಇಳಿದ ಹಡಗಿಗೆ ಗೋಪುರವು ಕಾಣಿಸದು. ಇದಕ್ಕೆ ಸುಲಭವಾದ ಲೆಕ್ಕವೊಂದಿದೆ. ಎತ್ತರವನ್ನು ಮೀಟರುಗಳಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೋ ದಿಗಂತದ ದೂರವು ಕಿಲೋಮೀಟರುಗಳಲ್ಲಿ ದೊರೆಯುತ್ತದೆ. 36 ಮೀಟರು ಎತ್ತರದ ಗೋಪುರಕ್ಕೆ ಇದು ಸುಮಾರು 25 ಕಿ.ಮೀ. ನೀರಿನಿಂದ 9 ಮೀಟರು ಮೇಲೆ ನಿಂತ ವ್ಯಕ್ತಿಯ ಫೋನಿಗೆ ಸುಮಾರು 12 ಕಿ.ಮೀ. ಎರಡನ್ನೂ ಕೂಡಿದರೆ 37 ಕಿ.ಮೀ. ಅದೇ ವ್ಯಕ್ತಿ 25 ಮೀಟರು ಎತ್ತರದ ಡೆಕ್ಕಿಗೆ ಏರಿದರೆ ಮೊತ್ತವು 45 ಕಿ.ಮೀ. ಆಗುತ್ತದೆ.

ಆದರೆ ಇದು ಪುಸ್ತಕದಲ್ಲಿ ತೋರಿಸಿದ ಆಸ್ತಿ; ಕೈಗೆ ಬರುವ ನಗದಲ್ಲ. ಹಳೆಯ ಎರಡನೇ ಪೀಳಿಗೆಯ ಜಿ.ಎಸ್.ಎಂ. ವ್ಯವಸ್ಥೆಯಲ್ಲಿ ಸಮಯದ ಹೊಂದಾಣಿಕೆಯ ಕಾರಣದಿಂದ ಸಾಮಾನ್ಯವಾಗಿ 35 ಕಿ.ಮೀ.ಗೆ ಮಿತಿಯಿದೆ. 4ಜಿ ವ್ಯವಸ್ಥೆಯಲ್ಲಿ ಮಿತಿಯು ಇನ್ನೂ ದೂರವಿದ್ದರೂ ದಿಗಂತವನ್ನು ಅದೂ ಮೀರಲಾರದು.

ಗೆರೆಗಳಿದ್ದರೂ ಸಂಪರ್ಕವಿಲ್ಲದಿರಲು ಕಾರಣಗಳು

ದಡದ ಗೋಪುರಗಳು ಸಮುದ್ರಕ್ಕಾಗಿ ನಿರ್ಮಿತವಾದವಲ್ಲ. ಮಹಾನಗರದಲ್ಲಿ ಒಂದೊಂದು ಗೋಪುರವೂ ಕೆಲವು ಬೀದಿಗಳನ್ನಷ್ಟೇ ನೋಡಿಕೊಳ್ಳುತ್ತದೆ. ಅದರ ಆಂಟೆನಾಗಳನ್ನು ನೆಲದ ಕಡೆಗೆ ಬಾಗಿಸಿರುತ್ತಾರೆ. ತೆರೆದ ನೀರಿನ ಮೇಲೆ ಇಂತಹ ಅನೇಕ ಗೋಪುರಗಳ ಕ್ಷೀಣ ಧ್ವನಿಗಳು ಒಟ್ಟಿಗೆ ಕೇಳಿಸುವುದರಿಂದ ಫೋನು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತಲೇ ಇರುತ್ತದೆ. ಗುಡ್ಡದ ಮೇಲೆ ಒಂದೇ ಗೋಪುರವಿರುವ ಕೊಂಕಣದ ಸಣ್ಣ ಊರಿನೆದುರು ಇದಕ್ಕಿಂತ ಸ್ಥಿರವಾದ ಸಂಪರ್ಕ ದೊರೆಯುವುದುಂಟು.

ಎರಡನೆಯದಾಗಿ, ಗೋಪುರವು ಹತ್ತಾರು ವಾಟ್ ಶಕ್ತಿಯಿಂದ ಮಾತನಾಡಿದರೆ ನಮ್ಮ ಫೋನಿನ ಶಕ್ತಿ ಸುಮಾರು ಐದನೆಯ ಒಂದು ವಾಟ್ ಮಾತ್ರ. ಅದರ ಮಾತು ನಮಗೆ ಕೇಳಿಸಿ ಗೆರೆಗಳು ಮೂಡುತ್ತವೆ. ನಮ್ಮ ಮಾತು ಅದಕ್ಕೆ ಕೇಳಿಸದು. ಮೂರನೆಯದಾಗಿ, ನೇರವಾಗಿ ಬಂದ ಅಲೆ ಮತ್ತು ನೀರಿನ ಮೇಲ್ಮೈಗೆ ತಾಗಿ ಬಂದ ಅಲೆ ಒಂದನ್ನೊಂದು ಅಳಿಸಿಬಿಡುವ ಸಂದರ್ಭಗಳಿವೆ. ಕೊನೆಯದಾಗಿ, ಹಡಗಿನ ಉಕ್ಕಿನ ಗೋಡೆಗಳು ಅಲೆಗಳನ್ನು ಒಳಗೆ ಬಿಡುವುದಿಲ್ಲ.

ಮಾಡಬಹುದಾದುದೇನು?

ಕೋಣೆಯಿಂದ ಹೊರಬಂದು, ದಡಕ್ಕೆ ಮುಖಮಾಡಿದ ಮಗ್ಗುಲಿನಲ್ಲಿ, ಅನುಮತಿಯಿರುವ ಅತಿ ಎತ್ತರದ ಡೆಕ್ಕಿನಲ್ಲಿ ನಿಲ್ಲುವುದು ಮೊದಲ ಉಪಾಯ. ಸಂಪರ್ಕ ಕಡಿದರೆ ಕೆಲವು ಹೆಜ್ಜೆ ಸರಿದು ನೋಡಬೇಕು. ಆದರೆ ತೈಲ ಅಥವಾ ಅನಿಲ ಸಾಗಿಸುವ ಹಡಗಿನ ತೆರೆದ ಡೆಕ್ಕಿನಲ್ಲಿ ಸಾಮಾನ್ಯ ಫೋನನ್ನು ಬಳಸುವುದು ಸ್ಫೋಟದ ಭಯದಿಂದ ನಿಷಿದ್ಧ. ಈ ನಿಯಮವನ್ನು ಯಾವ ಕಾರಣಕ್ಕೂ ಮೀರಕೂಡದು.

ಬೇರೆ ಬೇರೆ ಕಂಪನಿಗಳ ಎರಡು ಸಿಮ್‌ಗಳಿರಲಿ. ಜಾಲವನ್ನು ತಾನಾಗಿ ಹುಡುಕಲು ಬಿಡದೆ ಕೈಯಾರೆ ಆರಿಸಿ, 5ಜಿ ಬದಲು 4ಜಿಯಲ್ಲಿ ನಿಲ್ಲಿಸಿದರೆ ಫೋನಿನ ಅಲೆದಾಟ ಕಡಿಮೆಯಾಗುತ್ತದೆ. ಕಡಿಮೆ ಆವರ್ತನದ ಅಲೆಗಳು ದೂರ ಸಾಗುವುದರಿಂದ, 700ರಿಂದ 900 ಮೆಗಾಹರ್ಟ್ಸ್ ಪಟ್ಟಿಗಳನ್ನು ಗ್ರಹಿಸುವ ಫೋನು ಮೇಲು. ತೀರದಲ್ಲೇ ಸಂಚರಿಸುವ ಸಣ್ಣ ಹಡಗುಗಳಿಗೆ, ಎತ್ತರದಲ್ಲಿ ಕಟ್ಟಿದ ಎಲ್ಲ ದಿಕ್ಕಿನ ಆಂಟೆನಾ ಹಾಗೂ ಅದರ ಸಮೀಪದಲ್ಲೇ ಇರಿಸಿದ 4ಜಿ ರೂಟರ್ ಉತ್ತಮ ವ್ಯವಸ್ಥೆ. ಒಂದೇ ದಿಕ್ಕಿನ ಆಂಟೆನಾ ಹಡಗು ತಿರುಗಿದೊಡನೆ ಗುರಿ ತಪ್ಪುತ್ತದೆ. ಪರವಾನಿಗೆಯಿಲ್ಲದೆ ಬೂಸ್ಟರ್ ಅಳವಡಿಸುವುದು ನಮ್ಮ ದೇಶದಲ್ಲಿ ಕಾನೂನುಬಾಹಿರ.

ವಿಹಾರದ ಹಡಗನ್ನೇರುವವರು ಡೇಟಾ ರೋಮಿಂಗನ್ನು ಮುಚ್ಚಿಡುವುದು ಕ್ಷೇಮ. ದೊಡ್ಡ ಹಡಗುಗಳಲ್ಲಿ ಉಪಗ್ರಹಕ್ಕೆ ಜೋಡಿಸಿದ ಸ್ವಂತ ಮೊಬೈಲ್ ಜಾಲವಿರುವುದುಂಟು. ಫೋನು ತಾನಾಗಿ ಅದನ್ನು ಹಿಡಿದರೆ ಬಿಲ್ಲು ದುಬಾರಿಯಾಗುತ್ತದೆ.

ಹಣಕಾಸಿನ ಮುಂಜಾಗ್ರತೆ

ಇಷ್ಟೆಲ್ಲ ಮಾಡಿದರೂ ತೀರದ ಸಂಪರ್ಕವು ಭರವಸೆಯದಲ್ಲ. ಆದುದರಿಂದ ಮನೆಯ ತುರ್ತು ಹಣವು ಹಡಗಿನ ಸಂಕೇತವನ್ನು ಅವಲಂಬಿಸದಂತೆ ನೋಡಿಕೊಳ್ಳುವುದೇ ನಿಜವಾದ ಪರಿಹಾರ. ಮನೆಯಲ್ಲಿರುವವರ ಹೆಸರಿನೊಂದಿಗೆ ಜಂಟಿ ಖಾತೆಯೊಂದನ್ನು ತೆರೆದು, ಇಬ್ಬರಲ್ಲಿ ಯಾರೊಬ್ಬರಾದರೂ ವ್ಯವಹರಿಸುವಂತೆ ಮಾಡಿ, ಆಸ್ಪತ್ರೆಯ ಮುಂಗಡಕ್ಕೆ ಸಾಕಾಗುವಷ್ಟು ಹಣವನ್ನು ಅದರಲ್ಲಿ ಇರಿಸಬೇಕು. ಅನಿವಾಸಿ ಭಾರತೀಯನ ಎನ್.ಆರ್.ಇ. ಖಾತೆಯಾದರೆ, ಇಲ್ಲಿನ ಪಾವತಿಗಳಿಗಾಗಿ ಮನೆಯವರೊಬ್ಬರಿಗೆ ಮುಖ್ತಿಯಾರ್ ಪತ್ರವನ್ನು ನೀಡಬಹುದು. ಆರೋಗ್ಯ ವಿಮೆಯ ಪತ್ರಗಳು ಮನೆಯಲ್ಲಿಯೇ ಇರಲಿ. ಹಡಗಿನ ವೈ-ಫೈ ಮೂಲಕ ವಾಟ್ಸಾಪ್ ಬಂದರೂ ಎಸ್.ಎಂ.ಎಸ್. ಒ.ಟಿ.ಪಿ. ಬರುವುದೆಂಬ ಖಾತ್ರಿಯಿಲ್ಲವೆಂಬುದು ನೆನಪಿನಲ್ಲಿರಲಿ.

ಇನ್ನೆರಡು ಮಾತುಗಳು. ನಾವಿಕರ ದುಡಿಮೆಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಒಡಂಬಡಿಕೆಯ ತಿದ್ದುಪಡಿಯು 2024ರ ಡಿಸೆಂಬರ್ 23ರಂದು ಜಾರಿಗೆ ಬಂದಿದೆ. ಅದರಂತೆ ಹಡಗಿನ ಒಡೆಯರು ಸಾಧ್ಯವಿರುವ ಮಟ್ಟಿಗೆ ನಾವಿಕರಿಗೆ ಅಂತರ್ಜಾಲವನ್ನು ಒದಗಿಸಬೇಕು. ಶುಲ್ಕ ವಿಧಿಸಿದರೂ ಅದು ನ್ಯಾಯವಾಗಿರಬೇಕು. ಈ ಸೌಲಭ್ಯವನ್ನು ಕೇಳಿ ಪಡೆಯುವುದರಲ್ಲಿ ಸಂಕೋಚ ಬೇಡ. ಮತ್ತೊಂದು, ಪ್ರಾಣಾಪಾಯದಲ್ಲಿ ಮೊಬೈಲನ್ನೇ ನೆಚ್ಚಬಾರದು. ಹಡಗಿನಿಂದ ವಿ.ಎಚ್.ಎಫ್. ರೇಡಿಯೋದ 16ನೇ ಚಾನೆಲ್ಲಿನಲ್ಲಿ ಕರೆಯಬೇಕು. ಫೋನಿನಲ್ಲಿ ಭಾರತೀಯ ಕರಾವಳಿ ರಕ್ಷಣಾ ಪಡೆಯ ಸಂಖ್ಯೆ 1554.

ಆ ಯುವಕನು ಈಗ ತಾಯಿಯೊಡನೆ ಜಂಟಿ ಖಾತೆಯನ್ನು ಹೊಂದಿದ್ದಾನೆ. ಹಡಗು ತೀರವನ್ನು ಸಮೀಪಿಸುವ ಮುನ್ನ, ಉಪಗ್ರಹ ಸಂಪರ್ಕವಿರುವಾಗಲೇ, "ನಾಳೆ ಸಂಜೆಯವರೆಗೆ ನಾನು ಸಿಗಲಾರೆ, ಗಾಬರಿ ಬೇಡ" ಎಂದು ಮನೆಗೆ ತಿಳಿಸುತ್ತಾನೆ. ಅಷ್ಟರಿಂದಲೇ ಆ ಮನೆಯ ಆತಂಕ ಬಹುಪಾಲು ಕಡಿಮೆಯಾಗಿದೆ.